ಪಳವೇರ್ಕಾಡು: ಅಮ್ಮನ ಜೊತೆ ಮೂರು ಬೆಳಗು

ಮೊದಲ ಸಲ ಪಳವೇರ್ಕಾಡಿಗೆ, ಅಂದರೆ ತಮಿಳುನಾಡಿನ ಕಡಲಂಚಿನ ಚೌಳುನೀರಿನ ದಂಡೆಯ ಊರಿಗೆ, ಹೋದಾಗ ನಾನು ತಲುಪಿದ್ದು ಮಧ್ಯಾಹ್ನ ಹನ್ನೆರಡೂವರೆಗೆ, ಅದೂ ಭಾನುವಾರ. ಚೆನ್ನೈಗೆ ಮದುವೆಗೆಂದು ಬಂದಿದ್ದೆ. ಅಲ್ಲಿಂದ 60 ಕಿಲೋಮೀಟರ್ ಅಷ್ಟೇ, ನೋಡಿಕೊಂಡು ಬಂದರಾಯ್ತು ಅಂದುಕೊಂಡೆ. ದೋಣಿಯಲ್ಲಿ ಸುತ್ತಿಸುತ್ತೇನೆ ಅಂತ ಒಬ್ಬರು ಫೋನಿನಲ್ಲಿ ಹೇಳಿ ಮುಂಗಡ ತೆಗೆದುಕೊಂಡಿದ್ದರು. ಹೋಗಿ ನೋಡಿದರೆ ದೋಣಿಯೂ ಇಲ್ಲ, ಅವರು ಫೋನೂ ಎತ್ತುತ್ತಿಲ್ಲ. ಟೀ ಅಂಗಡಿಯವರು ವಿಷಯ ಬಿಡಿಸಿ ಹೇಳಿದರು. 2011ರ ಡಿಸೆಂಬರ್ 25ರಂದು ಪ್ರವಾಸಿಗರು ತುಂಬಿದ್ದ ದೋಣಿ ಇಲ್ಲಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದಾದ ಮೇಲೆ ದೋಣಿ ವಿಹಾರಕ್ಕೆ ನಿಷೇಧ ಬಂತು. ಸುಡುಬಿಸಿಲಲ್ಲಿ ಒಂದು ಗಂಟೆ ನಿಂತಿದ್ದು ವಾಪಸ್ ಬಂದೆ. ಊರನ್ನು ನೋಡಲೇ ಇಲ್ಲ ಅನ್ನುವ ಕೊರಗು ಮಾತ್ರ ಉಳಿಯಿತು.

ಎರಡನೇ ಸಲ ಹೋಗುವಾಗ ಅಮ್ಮನನ್ನು ಕರೆದುಕೊಂಡು ಹೋದೆ. ಜನವರಿ ತಿಂಗಳು. ಅಮ್ಮ ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದವರು. ಐದು ಹೊಳೆ ಸೇರಿ ಕಡಲಿಗೆ ಇಳಿಯುವ ಜಾಗದ ಪಕ್ಕದಲ್ಲೇ ಅವರ ಮನೆ ಇದ್ದದ್ದು. ಅಳಿವೆಯ ನೀರು ನೋಡಿಯೇ ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಬಲ್ಲರು. ಪಳವೇರ್ಕಾಡನ್ನು ಅವರ ಕಣ್ಣಲ್ಲಿ ನೋಡಬೇಕು ಅಂತ ನನಗೆ ಆಸೆ ಇತ್ತು.

ಹೋದ ದಾರಿ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ರಾತ್ರಿ ರೈಲು, ಬೆಳಗ್ಗೆ ಚೆನ್ನೈ ಸೆಂಟ್ರಲ್. ಅಲ್ಲೇ ಪಕ್ಕದ ನಿಲ್ದಾಣದಿಂದ ಗುಮ್ಮಿಡಿಪೂಂಡಿ ಕಡೆಯ ಲೋಕಲ್ ರೈಲು ಹಿಡಿದು ಪೊನ್ನೇರಿಯಲ್ಲಿ ಇಳಿಯಬೇಕು. ಅಲ್ಲಿಂದ ಪಳವೇರ್ಕಾಡಿಗೆ ಬಸ್ಸು, ಆಟೋ ಎರಡೂ ಇವೆ. ನಾವು ಪೊನ್ನೇರಿಯಲ್ಲೇ ರೂಮು ಮಾಡಿದೆವು. ಮೂರು ದಿನವೂ ಕತ್ತಲಿರುವಾಗಲೇ ಎದ್ದು ಆಟೋದಲ್ಲಿ ಹೋಗೋದು, ಹತ್ತೂವರೆಗೆ ಬಿಸಿಲು ಏರುವ ಹೊತ್ತಿಗೆ ನೆರಳು ಸೇರೋದು, ಸಂಜೆ ನಾಲ್ಕಕ್ಕೆ ಮತ್ತೆ ಹೊರಡೋದು. ಊರು ಎದ್ದು ಕೆಲಸ ಮಾಡುವ ಹೊತ್ತಿಗೆ ನಾವೂ ಅಲ್ಲಿರಬೇಕು, ಅಷ್ಟೇ ನಮ್ಮ ಲೆಕ್ಕ.

ಪಳವೇರ್ಕಾಡು ಅಂದರೆ ನಕ್ಷೆಯಲ್ಲಿ ಪುಲಿಕಾಟ್ ಅಂತ ಇರುವ ಊರು. ಕಡಲು ಮತ್ತು ನೆಲದ ನಡುವೆ ಉದ್ದಕ್ಕೆ ಮಲಗಿದ ಚೌಳುನೀರಿನ ಹರವಿಗೆ ಲಗೂನ್ ಅಂತಾರೆ. ನಮ್ಮ ದೇಶದಲ್ಲಿ ಒಡಿಶಾದ ಚಿಲಿಕಾ ಬಿಟ್ಟರೆ ಇದೇ ದೊಡ್ಡದು. ಉತ್ತರ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್. ಜಾಸ್ತಿ ಪಾಲು ಆಂಧ್ರದಲ್ಲಿ, ತೆಂಕಣ ತುದಿ ಮಾತ್ರ ತಮಿಳುನಾಡಿನಲ್ಲಿ. ಕಡಲು ಮತ್ತು ಇದರ ನಡುವೆ ಗೋಡೆಯಂತೆ ನಿಂತಿರುವ ಮರಳದಿಬ್ಬವೇ ಶ್ರೀಹರಿಕೋಟಾ. ಆರಣಿ, ಕಾಳಂಗಿ, ಸ್ವರ್ಣಮುಖಿ ಹೊಳೆಗಳು ಸಿಹಿನೀರು ತರುತ್ತವೆ, ಅಳಿವೆಯಿಂದ ಉಪ್ಪುನೀರು ಒಳಗೆ ನುಗ್ಗುತ್ತದೆ. ಇಷ್ಟು ದೊಡ್ಡ ನೀರು, ಆದರೆ ಎಷ್ಟೋ ಕಡೆ ಮೊಣಕಾಲುದ್ದ, ಸೊಂಟದುದ್ದ ಅಷ್ಟೇ ಆಳ.

ಮೊದಲ ಬೆಳಗ್ಗೆ ಸೇತುವೆ ಮೇಲೆ ನಿಂತೆವು. ಊರಿನಿಂದ ಲೈಟ್‌ಹೌಸ್ ಇರುವ ಕುಪ್ಪಕ್ಕೆ, ಅಂದರೆ ಮೀನುಗಾರರ ಹಳ್ಳಿಗೆ, ದಾಟಿಸುವ ಸೇತುವೆ ಅದು. ಬೆಳಕು ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ. ಕೆಳಗೆ ದೋಣಿಗಳು ಒಂದೊಂದಾಗಿ ಮರಳುತ್ತಿದ್ದವು. ಅಮ್ಮ ಕಂಬಿ ಹಿಡಿದು ತುಂಬಾ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, “ನೀರ್ ಇಳಿತಾ ಇತ್ತ್, ಕಾಣ್” ಅಂದರು. ನೋಡಿದರೆ ಗೂಟಗಳ ಬುಡದಲ್ಲಿ ಒಂದು ಗೇಣು ಒದ್ದೆ ಗುರುತು ಕಾಣುತ್ತಿತ್ತು.

ಸೇತುವೆ ಇಳಿದು ನೀರಿನಂಚಿಗೆ ಹೋದಾಗ ಕಂಡದ್ದು ನಾನು ಮರೆಯುವುದಿಲ್ಲ. ಇರುಳರ ಪಂಗಡದ ಗಂಡಸರು, ಹೆಂಗಸರು ನೀರಿನಲ್ಲಿ ಮೊಣಕಾಲೂರಿ ಕೂತಿದ್ದರು. ಎರಡೂ ಕೈ ನೀರೊಳಗೆ. ಬೆರಳಿಂದ ಕೆಸರು ತಡಕುತ್ತಾ ನಿಧಾನವಾಗಿ ಮುಂದೆ ಸರಿಯುತ್ತಾರೆ. ಬುಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಾರೆ. ಕೈಗೆ ಸೀಗಡಿ ಸಿಕ್ಕ ಕೂಡಲೇ ಬುಟ್ಟಿಗೆ. ಬಲೆ ಇಲ್ಲ, ದೋಣಿ ಇಲ್ಲ, ಬೆರಳೇ ಅವರಿಗೆ ಕಣ್ಣು. ಒಬ್ಬ ಅಕ್ಕ ಹೊರಗೆ ಬಂದು ಕೈ ಒರೆಸಿಕೊಳ್ಳುವಾಗ ನೋಡಿದೆ, ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು, ಮೇಲೆಲ್ಲಾ ಸಣ್ಣ ಸಣ್ಣ ಗೀರು. ಫೋಟೋ ತೆಗೆಯಬೇಕು ಅನ್ನಿಸಲಿಲ್ಲ. ನೀವು ಹೋದರೂ ದಯವಿಟ್ಟು ಕೇಳದೆ ತೆಗೆಯಬೇಡಿ. ಅವರು ಕೆಲಸದಲ್ಲಿರುತ್ತಾರೆ.

ಮೀನು ಹರಾಜಾಗುವ ಜಾಗದಲ್ಲಿ ಅಮ್ಮನಿಗೆ ಜೀವ ಬಂತು. ತಮಿಳು ಒಂದಕ್ಷರ ಬಾರದು, ಆದರೂ ಮೀನಿನ ಬುಟ್ಟಿಗಳ ನಡುವೆ ಅವರಿಗೆ ಭಾಷೆಯ ಅಡ್ಡಿಯೇ ಬರಲಿಲ್ಲ. ಒಂದು ಬುಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತು, “ಇದ್ ನಮ್ ಕಾಣೆ ಅಲ್ದಾ ಮಗಾ?” ಅಂತ ಕೇಳಿದರು. ಮಾರುವಾಕೆ “ಕೆಳಂಗಾನ್ ಮ್ಮಾ, ಕೆಳಂಗಾನ್” ಅಂದಳು. ಅಮ್ಮ ಕಿವಿರು ಎತ್ತಿ ನೋಡಿದರು. ಕೆಂಪಗಿತ್ತು. ಬೆರಳಿಂದ ಹೊಟ್ಟೆ ಒತ್ತಿದರು. ಆಕೆ ನಕ್ಕು, ತಾನೂ ಇನ್ನೊಂದು ಮೀನಿನ ಕಿವಿರು ಎತ್ತಿ ತೋರಿಸಿದಳು. ಮರುದಿನ ಹೋದಾಗ ಆಕೆ ದೂರದಿಂದಲೇ “ಅಕ್ಕಾ” ಅಂತ ಕೂಗಿ ತನ್ನ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿಕೊಂಡಳು.

ಇಲ್ಲಿ ಮೀನು ಹಿಡಿಯೋದಕ್ಕೆ ಒಂದು ಕಟ್ಟುಪಾಡಿದೆ. ಅದರ ಹೆಸರೇ ‘ಪಾಡು’. ಟೀ ಅಂಗಡಿಯಲ್ಲಿ ಕೂತಿದ್ದ ಒಬ್ಬ ಹಿರಿಯರು ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆದು ನನಗೆ ತಿಳಿಸಿದರು. ನೀರಿನಲ್ಲಿ ಸೀಗಡಿ ಹೆಚ್ಚು ಸಿಗುವ ಜಾಗಗಳು ಕೆಲವೇ. ಎಲ್ಲರೂ ಅಲ್ಲಿಗೇ ನುಗ್ಗಿದರೆ ಜಗಳ. ಅದಕ್ಕೆ ಆ ಜಾಗಗಳನ್ನು ಗುರುತು ಮಾಡಿ, ಹಕ್ಕುಳ್ಳ ಕುಟುಂಬಗಳಿಗೆ ಚೀಟಿ ಎತ್ತಿ ಸರದಿ ಕೊಡುತ್ತಾರೆ. ಇವತ್ತು ಒಳ್ಳೆಯ ಜಾಗ ಸಿಕ್ಕವರಿಗೆ ನಾಳೆ ಬೇರೆ ಜಾಗ. ತಲೆಮಾರುಗಳಿಂದ ನಡೆದು ಬಂದದ್ದು. ಯಾವ ಕುಟುಂಬಕ್ಕೆ ಹಕ್ಕು, ಯಾವುದಕ್ಕಿಲ್ಲ ಅನ್ನುವ ತಕರಾರು ಇದ್ದೇ ಇದೆ. ಕೈಯಲ್ಲಿ ಸೀಗಡಿ ಹೆಕ್ಕುವವರಿಗೆ ಈ ಸರದಿಯಲ್ಲಿ ಪಾಲಿಲ್ಲ. ಬೆಳಗ್ಗೆ ಆ ಅಕ್ಕನ ಬೆರಳು ನೋಡಿದ್ದೆನಲ್ಲ, ಆ ಮಾತು ಕೇಳಿ ಮನಸ್ಸಿಗೆ ಕಷ್ಟವಾಯಿತು.

ಆ ಹಿರಿಯರ ಚಿಂತೆಯೆಲ್ಲಾ ಅಳಿವೆಯ ಬಗ್ಗೆ. ತಮಿಳಿನಲ್ಲಿ ಅದಕ್ಕೆ ಮುಗತ್ತುವಾರಂ ಅಂತಾರೆ. ಹಿಂಗಾರು ಮಳೆ ಜೋರಾಗಿ ಬಂದ ವರ್ಷ ಹೊಳೆನೀರು ನುಗ್ಗಿ ಅಳಿವೆ ಅಗಲವಾಗುತ್ತದೆ, ಕಡಲಿನ ಸೀಗಡಿ ಮರಿಗಳು ಒಳಗೆ ಬಂದು ಬೆಳೆಯುತ್ತವೆ. ಬೇಸಿಗೆಯಲ್ಲಿ ಅಲೆಗಳು ಮರಳು ತಂದು ತುಂಬಿಸುತ್ತವೆ. ಪೂರ್ತಿ ಮುಚ್ಚಿಹೋದ ವರ್ಷಗಳೂ ಇವೆ. ಮುಚ್ಚಿದರೆ ಒಳಗಿನ ನೀರು ಬಿಸಿಲಿಗೆ ಬತ್ತಿ ಉಪ್ಪಾಗುತ್ತಾ ಹೋಗುತ್ತದೆ, ದೋಣಿ ಕಡಲಿಗೆ ಇಳಿಯಲಾಗದು. ಅಮ್ಮ ಇದನ್ನು ಕೇಳಿ ತಲೆ ಆಡಿಸಿದರು. ಅಳಿವೆಯ ಬಾಯಿ ಮುಚ್ಚುವ ಸಂಕಟ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡನೇ ದಿನ ಊರೊಳಗೆ ನಡೆದೆವು. ಡಚ್ಚರು ಇಲ್ಲಿಗೆ ಬಂದದ್ದು ವಿಜಯನಗರದ ಅರವೀಡು ವಂಶದ ವೆಂಕಟಪತಿ ರಾಯನ ಕಾಲದಲ್ಲಿ. 1613ರಲ್ಲಿ ಗೆಲ್ಡ್ರಿಯಾ ಅನ್ನುವ ಕೋಟೆ ಕಟ್ಟಿದರು. ಈಗ ಅಲ್ಲಿ ಪೊದೆ, ದಿಬ್ಬ, ಕಂದಕದ ಗುರುತು ಅಷ್ಟೇ. ಸ್ಮಶಾನ ಮಾತ್ರ ಚೆನ್ನಾಗಿ ಉಳಿದಿದೆ, ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಬಾಗಿಲ ಎರಡೂ ಪಕ್ಕ ಕಲ್ಲಿನಲ್ಲಿ ಕೆತ್ತಿದ ಅಸ್ಥಿಪಂಜರಗಳು ನಿಂತಿವೆ. ಒಂದರ ತಲೆ ಮೇಲೆ ಮರಳುಗಡಿಯಾರ. ಒಳಗೆ ಕಪ್ಪುಕಲ್ಲಿನ ಮೇಲೆ ಕೊರೆದ ಡಚ್ ಅಕ್ಷರ ಇನ್ನೂ ಮೊನಚಾಗಿದೆ, ಬೆರಳಾಡಿಸಿದರೆ ಅಂಚು ಸಿಗುತ್ತದೆ. ಸತ್ತ ವ್ಯಾಪಾರಿಗಳ ಹೆಸರು ಇಷ್ಟು ಅಚ್ಚುಕಟ್ಟಾಗಿದೆ. ಇದೇ ಬಂದರಿನಿಂದ ಗುಲಾಮರಾಗಿ ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಾಕ್ಕೆ, ಹಡಗು ಹತ್ತಿದವರ ಹೆಸರು ಒಂದು ಕಲ್ಲಿನ ಮೇಲೂ ಇಲ್ಲ. ಬರಗಾಲದಲ್ಲಿ ಹೊಟ್ಟೆಗಿಲ್ಲದೆ ಮಕ್ಕಳನ್ನೇ ಮಾರಿದ ತಾಯಂದಿರಿದ್ದರು. ಅಮ್ಮನಿಗೆ ಅದನ್ನು ಹೇಳಿದಾಗ ಅವರು ಹೊರಗೆ ಹೋಗಿ ಬೇವಿನ ನೆರಳಲ್ಲಿ ಕೂತರು.

ಬಟ್ಟೆಯ ವ್ಯಾಪಾರವೂ ಇಲ್ಲಿಂದ ದೊಡ್ಡದಾಗಿ ನಡೆಯುತ್ತಿತ್ತು. ನಮ್ಮ ಕಡೆ ಅಂಗಡಿಗಳಲ್ಲಿ ಪಾಲಯಕಾಟ್ ಲುಂಗಿ ಅಂತ ಮಾರುತ್ತಾರಲ್ಲ, ಆ ಹೆಸರು ಈ ಊರಿನದು. ಮೆಕ್ಸಿಕೋದಲ್ಲಿ ತಲೆಗೆ ಕಟ್ಟುವ ಬಣ್ಣದ ಚೌಕಕ್ಕೆ ಇವತ್ತಿಗೂ ಪಾಲಿಯಾಕಾತೆ ಅಂತಾರೆ, ಅದೂ ಇಲ್ಲಿಂದಲೇ ಹೋದ ಹೆಸರು.

ಮುಸ್ಲಿಮರ ಬೀದಿಯಲ್ಲಿ ಹೆಂಗಸರು ತಾಳೆಗರಿಯ ಬುಟ್ಟಿ, ಡಬ್ಬಿ ಹೆಣೆಯುತ್ತಾರೆ. ಒಂದು ಮನೆಯವರು ಜಗಲಿಯಲ್ಲಿ ಕೂರಿಸಿ ತೋರಿಸಿದರು. ಒಣಗಿಸಿದ ಗರಿಯನ್ನು ಎಳೆ ಎಳೆಯಾಗಿ ಸೀಳಿ, ಕುದಿಯುವ ಬಣ್ಣದ ನೀರಲ್ಲಿ ಅದ್ದಿ, ಮತ್ತೆ ಒಣಗಿಸುತ್ತಾರೆ. ಹೆಣೆಯುವ ಮುಂಚೆ ಸ್ವಲ್ಪ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಮೊದಲು ತಳ. ಅದು ನೇರ ಬಂದರೆ ಉಳಿದದ್ದೆಲ್ಲ ನೇರ. ಮೂಲೆ ತಿರುಗಿಸುವಾಗ ಎಡಗೈ ಹೆಬ್ಬೆರಳು ಎಳೆಗಳನ್ನು ಒತ್ತಿ ಹಿಡಿಯುತ್ತದೆ, ಬಲಗೈ ಮಡಿಸಿ ಒಳಗೆ ತೂರಿಸುತ್ತದೆ. ನೋಡುತ್ತಿದ್ದಂತೆ ಚಪ್ಪಟೆಯಾಗಿದ್ದದ್ದು ಡಬ್ಬಿಯಾಗಿ ಎದ್ದು ನಿಂತಿತು. ಮುಚ್ಚಳವಿರುವ ಎರಡು ಡಬ್ಬಿ ಕೊಂಡೆ. ಚೌಕಾಸಿ ಮಾಡಲಿಲ್ಲ. ಆ ಕೆಲಸ ನೋಡಿದ ಮೇಲೆ ಚೌಕಾಸಿಗೆ ಬಾಯಿ ಬರುವುದಿಲ್ಲ.

ಮೂರನೇ ದಿನ ಹಕ್ಕಿಗಳಿಗಾಗಿ. ಇದಕ್ಕೆ ಪಳವೇರ್ಕಾಡಿಗಿಂತ ಆಂಧ್ರದ ಸೂಳ್ಳೂರುಪೇಟೆ ಒಳ್ಳೆಯದು. ಪೊನ್ನೇರಿಯಿಂದ ಅದೇ ರೈಲು ಹಾದಿಯಲ್ಲಿ ಉತ್ತರಕ್ಕೆ ಸಿಗುತ್ತದೆ. ಅಲ್ಲಿಂದ ಶ್ರೀಹರಿಕೋಟಾಕ್ಕೆ ಹೋಗುವ ರಸ್ತೆ ಲಗೂನಿನ ಮಧ್ಯದಲ್ಲೇ ಸಾಗುತ್ತದೆ, ಎರಡೂ ಕಡೆ ನೀರು. ಒಳಗಿನ ಬಾಹ್ಯಾಕಾಶ ಕೇಂದ್ರಕ್ಕೆ ಅನುಮತಿ ಬೇಕು, ಆದರೆ ಅಟಕಾನಿತಿಪ್ಪದ ಹತ್ತಿರ ಆಟೋ ನಿಲ್ಲಿಸಿ ನೋಡಬಹುದು.

ಸಾವಿರಾರು ಫ್ಲೆಮಿಂಗೊಗಳು, ನಮ್ಮಲ್ಲಿ ರಾಜಹಂಸ ಅನ್ನುತ್ತೇವಲ್ಲ, ಅವು. ಮೊದಲು ದೂರದಲ್ಲಿ ಬಿಳಿ ಗೆರೆ ಥರ ಕಂಡಿತು. ದುರ್ಬೀನಿನಲ್ಲಿ ನೋಡಿದಾಗ ಆ ಗೆರೆಯೆಲ್ಲಾ ಕಾಲಾಯಿತು. ಕತ್ತು ಪೂರ್ತಿ ಬಗ್ಗಿಸಿ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಡುತ್ತವೆ. ನಿಂತಲ್ಲೇ ಕಾಲು ತುಳಿದು ಕೆಸರು ಎಬ್ಬಿಸುತ್ತವೆ. ಆ ನೀರನ್ನು ಕೊಕ್ಕಿನಲ್ಲೇ ಸೋಸಿ ಸಣ್ಣ ಜೀವಿಗಳನ್ನು ಉಳಿಸಿಕೊಳ್ಳುತ್ತವೆ. ಒಂದು ಗುಂಪು ಎದ್ದಾಗ ರೆಕ್ಕೆಯೊಳಗಿನ ಗುಲಾಬಿ ಒಮ್ಮೆಲೇ ಬಿಚ್ಚಿತು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಹತ್ತಿರದ ನೇಲಪಟ್ಟುವಿನಲ್ಲಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಗೂಡು ಕಟ್ಟುತ್ತವೆ, ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಕಟ್ಟುವ ಹಾಗೆಯೇ.

ಬಾಹ್ಯಾಕಾಶ ಕೇಂದ್ರಕ್ಕೆ ಸತೀಶ್ ಧವನ್ ಅವರ ಹೆಸರಿಟ್ಟಿದ್ದಾರೆ. 1962ರಿಂದ 1981ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. ರಾಕೆಟ್ಟಿನ ಕೆಲಸದ ಜೊತೆಗೆ, ಹಕ್ಕಿ ಹೇಗೆ ಹಾರುತ್ತದೆ ಅಂತ ಪುಸ್ತಕವನ್ನೂ ಬರೆದರು. ಆ ರಸ್ತೆಯಲ್ಲಿ ನಿಂತಾಗ ಅದೆಷ್ಟು ಸಹಜ ಅನ್ನಿಸಿತು.

ಹೋಗುವವರಿಗೆ ಇನ್ನೆರಡು ಮಾತು. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ದೋಣಿಯಲ್ಲಿ ಕರೆದೊಯ್ಯುತ್ತೇನೆ ಅಂತ ಯಾರಾದರೂ ಗುಟ್ಟಾಗಿ ಕರೆದರೆ ಹತ್ತಬೇಡಿ, 2011ರ ಆ ದಿನ ನೆನಪಿರಲಿ. ಕುಡಿಯುವ ನೀರು, ಟೋಪಿ ಜೊತೆಗಿರಲಿ. ವಯಸ್ಸಾದವರು ಜೊತೆಗಿದ್ದರೆ ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ.

ಹಕ್ಕಿ ನೋಡಿದ ದಿನ ಸಂಜೆ, ಹೊರಡುವ ಮುಂಚೆ, ಅಮ್ಮ ಮತ್ತೆ ಪಳವೇರ್ಕಾಡಿಗೆ ಹೋಗಲೇಬೇಕು ಅಂತ ಹಠ ಮಾಡಿದರು. ಸಂಜೆ ಹರಾಜಿಲ್ಲ, ಆ ಮೀನು ಮಾರುವಾಕೆ ಇರುವುದಿಲ್ಲ ಅಂದೆ. ಆದರೂ ಹೋದೆವು. ಟೀ ಅಂಗಡಿಯಲ್ಲಿ ಕೇಳಿ ಆಕೆಯ ಮನೆ ಹುಡುಕಿದೆವು. ಅಮ್ಮ ಊರಿಂದ ತಂದಿದ್ದ ಕೋಕಂ ಸಿಪ್ಪೆಯ ಪೊಟ್ಟಣವನ್ನು ಆಕೆಯ ಕೈಗಿಟ್ಟು, ಮೀನಿನ ಸಾರಿಗೆ ಇಷ್ಟು ಹಾಕು ಅಂತ ಎರಡು ಬೆರಳಲ್ಲಿ ಅಳತೆ ತೋರಿಸಿದರು. ಆಕೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿ, “ಪುಳಿ!” ಅಂದಳು. “ಹ್ಞಾಂ, ಹುಳಿ” ಅಂದರು ಅಮ್ಮ.