ಸ್ಪ್ಯಾನಿಷ್‌ನಲ್ಲಿ ಬಂಧುಬಳಗ: ಕನ್ನಡಿಗರು ಎಲ್ಲಿ ಎಡವುತ್ತಾರೆ, ಹೇಗೆ ಕಲಿಯಬೇಕು

ಸಂಬಂಧಗಳ ಸ್ಪ್ಯಾನಿಷ್ ಪದಗಳನ್ನು ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಪಟ್ಟಿ ಮುಂದಿಟ್ಟುಕೊಂಡು ಕಲಿಯುತ್ತಾರೆ. ಆ ಸುತ್ತುದಾರಿ ಬೇಕಿಲ್ಲ. ಕೆಲವು ಕಡೆ ಇಂಗ್ಲಿಷ್‌ಗಿಂತ ಕನ್ನಡವೇ ಸ್ಪ್ಯಾನಿಷ್‌ಗೆ ಹತ್ತಿರ. ಇನ್ನು ಕೆಲವು ಕಡೆ ಕನ್ನಡದ ಅಭ್ಯಾಸವೇ ಕಾಲಿಗೆ ತೊಡರುತ್ತದೆ. ಎಲ್ಲಿ ಯಾವುದು ಎಂದು ಮೊದಲೇ ತಿಳಿದುಕೊಂಡು ಹೊರಡುವುದು ಒಳ್ಳೆಯದು.

ಒಂದು ಹಾಳೆಯ ನಡುವೆ ‘ಯೋ’ ಎಂದು ಬರೆಯಿರಿ. ‘ಯೋ’ ಅಂದರೆ ನಾನು. ಅದರ ಸುತ್ತ ನಿಮ್ಮದೇ ಮನೆಯವರ ವಂಶವೃಕ್ಷ ಹಾಕಿ, ಪ್ರತಿ ಹೆಸರಿನ ಕೆಳಗೆ ಸ್ಪ್ಯಾನಿಷ್ ಪದ ತುಂಬಿ. ಮೊದಲ ದಿನಕ್ಕೆ ಎಂಟು ಪದ ಸಾಕು: ಪಾದ್ರೆ (ತಂದೆ), ಮಾದ್ರೆ (ತಾಯಿ), ಎರ್‌ಮಾನೊ (ಅಣ್ಣ ಅಥವಾ ತಮ್ಮ), ಎರ್‌ಮಾನಾ (ಅಕ್ಕ ಅಥವಾ ತಂಗಿ), ಈಹೊ (ಮಗ), ಈಹಾ (ಮಗಳು), ಅಬ್ವೆಲೊ (ಅಜ್ಜ), ಅಬ್ವೆಲಾ (ಅಜ್ಜಿ). ಬರೆಯುವಾಗ ಪದಕ್ಕೆ ಮೊದಲು ಗಂಡಸಿಗೆ ‘ಎಲ್’, ಹೆಂಗಸಿಗೆ ‘ಲಾ’ ಸೇರಿಸಿಯೇ ಬರೆಯಿರಿ. ಬಹುವಚನದಲ್ಲಿ ಪುಲ್ಲಿಂಗ ರೂಪ ಇಬ್ಬರನ್ನೂ ಒಳಗೊಳ್ಳುತ್ತದೆ. ‘ಲೋಸ್ ಪಾದ್ರೆಸ್’ ಎಂದರೆ ಅಪ್ಪ ಅಮ್ಮ ಇಬ್ಬರೂ. ‘ತಿಯೇನೆಸ್ ಎರ್‌ಮಾನೊಸ್?’ (ಒಡಹುಟ್ಟಿದವರು ಇದ್ದಾರಾ?) ಎಂದು ಯಾರಾದರೂ ಕೇಳಿದರೆ ಅಕ್ಕತಂಗಿಯರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಉತ್ತರಿಸಿ. ಇಂಗ್ಲಿಷ್‌ನ ಪೇರೆಂಟ್ಸ್ ನೆನಪಾಗಿ ‘ಪರಿಯೆಂತೆಸ್’ ಅಂದರೆ ಅದು ಅಪ್ಪ ಅಮ್ಮ ಅಲ್ಲ, ನೆಂಟರು.

ಉಚ್ಚಾರದಲ್ಲಿ ನಮಗೆ ಅನುಕೂಲವೇ ಹೆಚ್ಚು. ಸ್ಪ್ಯಾನಿಷ್‌ನ ತ ಮತ್ತು ದ ನಮ್ಮ ತ, ದ ಹಾಗೆ ಹಲ್ಲಿಗೆ ತಾಗುವಂಥವು. ಇಂಗ್ಲಿಷ್ ರೂಢಿಯಲ್ಲಿ ‘ಟೀಯೊ’ ಅನ್ನದೆ ‘ತೀಯೊ’ (ಚಿಕ್ಕಪ್ಪ, ಸೋದರಮಾವ) ಅನ್ನಿ. ‘ಎರ್‌ಮಾನೊ’ ಬರೆಯುವಾಗ ಮೊದಲಿಗೆ ಎಚ್ ಅಕ್ಷರ ಇರುತ್ತದೆ, ಆದರೆ ಅದಕ್ಕೆ ದನಿಯಿಲ್ಲ. ‘ಈಹೊ’ದಲ್ಲಿ ಹ ಎಂದು ಕೇಳಿಸುವುದು ಜೆ ಅಕ್ಷರ, ಗಂಟಲಿನಿಂದ ಉಜ್ಜಿಕೊಂಡು ಬರಬೇಕು. ಒತ್ತು ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟ ‘ಪಪಾ’ ಅಪ್ಪ. ಮೊದಲ ಅಕ್ಷರಕ್ಕೆ ಕೊಟ್ಟರೆ ಅದು ಪೋಪ್, ಲ್ಯಾಟಿನ್ ಅಮೆರಿಕದಲ್ಲಿ ಆಲೂಗಡ್ಡೆಯೂ ಹೌದು. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಇವೆಲ್ಲ ಕಾಣಿಸುವುದಿಲ್ಲ. ಆದ್ದರಿಂದ ಪ್ರತಿ ಪದದ ಮೂಲ ಕಾಗುಣಿತವನ್ನು ರಿಯಾಲ್ ಅಕಾದೆಮಿಯಾ ಎಸ್ಪಾನ್ಯೋಲಾ ಎಂಬ ಸ್ಪ್ಯಾನಿಷ್ ಭಾಷಾ ಸಂಸ್ಥೆಯ ಉಚಿತ ಆನ್‌ಲೈನ್ ನಿಘಂಟಿನಲ್ಲಿ ನೋಡಿ ಪಕ್ಕದಲ್ಲೇ ಬರೆದಿಡಿ.

ನಿಜವಾದ ತೊಡಕು ಶುರುವಾಗುವುದು ಅತ್ತೆ, ಮಾವ, ಅಳಿಯ, ಸೊಸೆ ಬಂದಾಗ. ಕನ್ನಡದಲ್ಲಿ ಒಂದೇ ಪದಕ್ಕೆ ಎರಡು ಸಂಬಂಧ. ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಪದ. ಅಪ್ಪನ ತಂಗಿಯಾದ ಅತ್ತೆ ‘ತೀಯಾ’, ಗಂಡನ ಅಥವಾ ಹೆಂಡತಿಯ ತಾಯಿಯಾದ ಅತ್ತೆ ‘ಸ್ವೆಗ್ರಾ’. ಅಮ್ಮನ ತಮ್ಮನಾದ ಮಾವ ‘ತೀಯೊ’, ಮದುವೆಯಿಂದ ಬಂದ ಮಾವ ‘ಸ್ವೆಗ್ರೊ’. ಮಗಳ ಗಂಡ ‘ಯೆರ್ನೊ’, ಅಕ್ಕನ ಮಗ ‘ಸೊಬ್ರೀನೊ’. ನಮಗೆ ಇಬ್ಬರೂ ಅಳಿಯಂದಿರೇ. ಹಾಗೆಯೇ ಮಗನ ಹೆಂಡತಿ ‘ನ್ವೆರಾ’, ಸೋದರ ಸೊಸೆ ‘ಸೊಬ್ರೀನಾ’. ‘ಅಳಿಯ’ ಎಂಬ ಪದವನ್ನೇ ಮನಸ್ಸಿನಲ್ಲಿ ಅನುವಾದಿಸಲು ಹೊರಟರೆ ತಪ್ಪು ಖಚಿತ. ಪದ ಬಿಟ್ಟು ವ್ಯಕ್ತಿಯನ್ನು ನೆನೆಯಿರಿ: ರಕ್ತದಿಂದ ಬಂದ ನಂಟೋ, ಮದುವೆಯಿಂದ ಬಂದದ್ದೋ? ವಂಶವೃಕ್ಷದಲ್ಲಿ ಮದುವೆಯ ನಂಟುಗಳನ್ನು ಬೇರೆ ಬಣ್ಣದಲ್ಲಿ ಬರೆದರೆ ಈ ಪ್ರಶ್ನೆ ತಾನಾಗಿಯೇ ಅಭ್ಯಾಸವಾಗುತ್ತದೆ.

ಉಳಿದಂತೆ ಸ್ಪ್ಯಾನಿಷ್ ಉದಾರಿ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ‘ತೀಯೊ’. ಅವರ ಮಕ್ಕಳೆಲ್ಲ ‘ಪ್ರೀಮೊ’, ‘ಪ್ರೀಮಾ’. ಭಾವ, ಮೈದುನ ಇಬ್ಬರೂ ‘ಕುನ್ಯಾದೊ’. ಅತ್ತಿಗೆ, ನಾದಿನಿ ‘ಕುನ್ಯಾದಾ’. ವ್ಯತ್ಯಾಸ ಹೇಳಲೇಬೇಕಾದಾಗ ಅಕ್ಕನಿಗೆ ‘ಎರ್‌ಮಾನಾ ಮಯೋರ್’, ತಂಗಿಗೆ ‘ಎರ್‌ಮಾನಾ ಮೆನೋರ್’, ತಾಯಿ ಕಡೆಯವರಿಗೆ ‘ಪೋರ್ ಪಾರ್ತೆ ದೆ ಮಾದ್ರೆ’. ಆದರೆ ‘ಮಯೋರ್’ ಹಚ್ಚಿ ಯಾರನ್ನೂ ಕರೆಯುವುದಿಲ್ಲ. ಅಕ್ಕನನ್ನು ಹೆಸರು ಹಿಡಿದೇ ಕರೆಯುತ್ತಾರೆ.

ಇಂಗ್ಲಿಷ್‌ಗೆ ಇಲ್ಲದ ಒಂದು ಸೊಗಸು ಇಲ್ಲಿದೆ. ನಮ್ಮ ಬೀಗರಿಗೆ ಸ್ಪ್ಯಾನಿಷ್‌ನಲ್ಲಿ ಸರಿಸಾಟಿ ಪದವಿದೆ: ‘ಕೊನ್‌ಸ್ವೆಗ್ರೊಸ್’. ಷಡ್ಡಕನಿಗೆ ‘ಕೊನ್‌ಕುನ್ಯಾದೊ’, ವಾರಗಿತ್ತಿಗೆ ‘ಕೊನ್‌ಕುನ್ಯಾದಾ’. ಕನ್ನಡಿಗರಿಗೆ ಇವು ಒಮ್ಮೆ ಕೇಳಿದರೆ ಮರೆಯುವಂಥವಲ್ಲ.

ಇನ್ನು ವಾಕ್ಯಗಳು. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎನ್ನುವಲ್ಲಿ ‘ನನಗೆ’ಯನ್ನು ಹುಡುಕಬೇಡಿ. ‘ತೆಂಗೊ ದೋಸ್ ಎರ್‌ಮಾನೊಸ್’ ಅಷ್ಟೇ. ವಯಸ್ಸಿಗೂ ಇದೇ ಕ್ರಿಯಾಪದ, ರೂಪ ಮಾತ್ರ ಬೇರೆ: ‘ಮಿ ಈಹಾ ತಿಯೇನೆ ದಿಯೆಸ್ ಆನ್ಯೊಸ್’, ಮಗಳಿಗೆ ಹತ್ತು ವರ್ಷ. ಇಲ್ಲಿನ ‘ನ್ಯ’ ನಮ್ಮ ಞ. ಅದನ್ನು ಬರಿಯ ನ ಮಾಡಿದರೆ ವರ್ಷ ಹೋಗಿ ಗುದದ್ವಾರವಾಗುತ್ತದೆ, ಜೋಕೆ. ಬರೆಯುವಾಗಲೂ ಎನ್ ಅಕ್ಷರದ ಮೇಲಿನ ಅಲೆಗೆರೆ ಬಿಡಬಾರದು.

ಕರ್ಮಪದ ಮನುಷ್ಯರಾದಾಗ ‘ಆ’ ಎಂಬ ಪುಟ್ಟ ಪದ ಸೇರುತ್ತದೆ. ನಾವು ‘ಪುಸ್ತಕ ನೋಡಿದೆ’ ಎನ್ನುತ್ತೇವೆ, ಆದರೆ ‘ತಂಗಿ ನೋಡಿದೆ’ ಎನ್ನುವುದಿಲ್ಲ, ‘ತಂಗಿಯನ್ನು’ ಬೇಕು. ಸ್ಪ್ಯಾನಿಷ್‌ನ ‘ಆ’ ಬರುವುದೂ ಇಂಥಲ್ಲೇ; ‘ನನ್ನ ತಂಗಿಯನ್ನು ಪ್ರೀತಿಸುತ್ತೇನೆ’ ಎನ್ನಲು ‘ಕಿಯೇರೊ ಆ ಮಿ ಎರ್‌ಮಾನಾ’. ಒಬ್ಬರಿಗಿಂತ ಹೆಚ್ಚಿದ್ದರೆ ‘ಮಿ’ ಹೋಗಿ ‘ಮಿಸ್’ ಬರುತ್ತದೆ, ‘ಮಿಸ್ ಎರ್‌ಮಾನಾಸ್’. ‘ಸು’ ಎಂದರೆ ಅವನ, ಅವಳ, ಅವರ, ನಿಮ್ಮ ಎಲ್ಲವೂ ಆಗಬಹುದು. ಗೊಂದಲವಾಗುವಂತಿದ್ದರೆ ‘ಲಾ ಎರ್‌ಮಾನಾ ದೆ ಆನಾ’ ಎಂದು ಬಿಡಿಸಿ ಹೇಳಿ.

ಮದುವೆಗೆ ‘ಜೊತೆ’ ಎಂಬರ್ಥದ ‘ಕೊನ್’ ಬೇಕು: ‘ಸೆ ಕಸೋ ಕೊನ್ ಆನಾ’, ಆನಾ ಜೊತೆ ಮದುವೆಯಾದ. ‘ಅವಳನ್ನು ಮದುವೆಯಾದ’ ಎಂಬ ಧಾಟಿಯಲ್ಲಿ ‘ಕಸೋ ಆ ಆನಾ’ ಎಂದರೆ ಅವಳ ಮದುವೆ ಮಾಡಿಸಿದ ಎಂದಾಗುತ್ತದೆ. ‘ನೋಬಿಯೊ’ ಗೆಳೆಯನೂ ಆಗಬಹುದು, ಮದುವೆ ಮಂಟಪದ ವರನೂ ಆಗಬಹುದು; ಸಂದರ್ಭ ನೋಡಿ ತಿಳಿಯಬೇಕು. ‘ಪರೇಹಾ’, ಅಂದರೆ ಸಂಗಾತಿ, ಗಂಡಸೇ ಆಗಿದ್ದರೂ ಸ್ತ್ರೀಲಿಂಗದಲ್ಲೇ ಉಳಿಯುತ್ತದೆ. ‘ತೆ ಕಿಯೇರೊ’ ಅಪ್ಪ ಅಮ್ಮ, ಸ್ನೇಹಿತರು, ಪ್ರೇಮಿ ಎಲ್ಲರಿಗೂ ಸಲ್ಲುತ್ತದೆ. ‘ತೆ ಆಮೊ’ ಹೆಚ್ಚು ಗಾಢ, ಯೋಚಿಸಿ ಬಳಸಿ. ಮುಜುಗರವಾಯಿತು ಎನ್ನಲು ಇಂಗ್ಲಿಷ್ ನೆನಪಿನಲ್ಲಿ ‘ಎಂಬರಸಾದಾ’ ಅನ್ನಬೇಡಿ, ಅದು ಗರ್ಭಿಣಿ. ದಿನಬಳಕೆಗೆ ಎರಡು ವಾಕ್ಯ ಬಾಯಿಪಾಠವಿರಲಿ: ‘ಮೆ ಯೇಬೊ ಬಿಯೆನ್ ಕೊನ್ ಮಿ ಸ್ವೆಗ್ರಾ’, ಅತ್ತೆಯೊಂದಿಗೆ ನನಗೆ ಚೆನ್ನಾಗಿ ಹೊಂದುತ್ತದೆ, ‘ಸೆ ಪರೇಸೆ ಆ ಸು ಪಾದ್ರೆ’, ಅವನು ಅಪ್ಪನನ್ನು ಹೋಲುತ್ತಾನೆ.

ಅಭ್ಯಾಸಕ್ಕೆ ಮನೆಯ ಒಂದು ಗುಂಪು ಫೋಟೊ ಸಾಕು. ಪ್ರತಿಯೊಬ್ಬರ ಮೇಲೆ ಬೆರಳಿಟ್ಟು ಯಾರು, ವಯಸ್ಸೆಷ್ಟು, ಯಾರನ್ನು ಮದುವೆಯಾಗಿದ್ದಾರೆ ಎಂದು ಮೂರು ವಾಕ್ಯ ಜೋರಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಮರುದಿನ, ಮೂರನೇ ದಿನ, ಒಂದು ವಾರ ಬಿಟ್ಟು ಹಾಳೆ ನೋಡದೆ ಮತ್ತೆ ಹೇಳಿ. ತಡವರಿಸಿದ ಪದಗಳನ್ನಷ್ಟೇ ಹೊಸ ಚೀಟಿಗೆ ಇಳಿಸಿ. ನಂತರ ದೃಷ್ಟಿ ಬದಲಿಸಿ: ಈಗ ನಡುವಿನ ‘ಯೋ’ ನಿಮ್ಮ ಅಜ್ಜಿ. ಅವರ ಕಣ್ಣಿನಿಂದ ನೀವು ‘ನಿಯೇತೊ’ ಅಥವಾ ‘ನಿಯೇತಾ’, ನಿಮ್ಮ ಅಮ್ಮ ‘ಈಹಾ’ ಇಲ್ಲವೇ ‘ನ್ವೆರಾ’. ಪದ ನಿಜವಾಗಿ ಕೈವಶವಾಗುವುದು ಈ ಸುತ್ತಿನಲ್ಲೇ.

ಮೆಕ್ಸಿಕೋದವರೊಡನೆ ಮಾತಾಡುವಾಗ ‘ತು ಮಾದ್ರೆ’ (ನಿನ್ನ ತಾಯಿ) ಬೇಡ. ಅಲ್ಲಿ ಆ ಪದ ಬೈಗುಳಗಳಲ್ಲಿ ಬಹಳ ಬಳಕೆಯಲ್ಲಿದೆ. ‘ತು ಮಮಾ’ ಎಂದರೆ ಸಾಕು, ಹಿರಿಯರೊಡನೆ ‘ಸು ಮಮಾ’. ಸ್ಪೇನ್‌ನವರ ಹೆಸರು ಓದುವಾಗ ಎರಡು ಕುಲನಾಮ ಕಾಣುತ್ತವೆ: ರಫಾಯೆಲ್ ನದಾಲ್ ಪರೇರಾ ಎಂಬಲ್ಲಿ ನದಾಲ್ ತಂದೆಯದು, ಪರೇರಾ ತಾಯಿಯದು. ಸ್ಪೇನ್‌ನಲ್ಲಿ ಮದುವೆಯಾದ ಮೇಲೂ ಹೆಂಗಸರು ತಮ್ಮ ಎರಡೂ ಕುಲನಾಮ ಉಳಿಸಿಕೊಳ್ಳುತ್ತಾರೆ, ಹಾಗಾಗಿ ಗಂಡನ ಕುಲನಾಮ ಹಚ್ಚಿ ಕರೆಯಬೇಡಿ.