ಸ್ಯಾಕ್ ಪ್ಯಾನಿಕ್: ಅಂಗಡಿಯ ಹಳೇ ಲಿನಕ್ಸ್ ಸರ್ವರ್ ನಡುವೆ ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ

ಬ್ಯಾಡಗಿಯ ದಲಾಲಿ ಅಂಗಡಿ, ಗದಗದ ಪ್ರಿಂಟಿಂಗ್ ಪ್ರೆಸ್, ಹುಬ್ಬಳ್ಳಿಯ ಹೋಲ್‌ಸೇಲ್ ಮಳಿಗೆ, ಇಂಥ ಕಡೆ ಮೂಲೆಯಲ್ಲಿ ಒಂದು ಹಳೇ ಲಿನಕ್ಸ್ ಡಬ್ಬಿ ಕೂತಿರುತ್ತದೆ. ಯಾರೋ ಹುಡುಗ ಹಾಕಿಕೊಟ್ಟು ಹೋದದ್ದು. ಬಿಲ್ಲಿಂಗ್ ನಡೀತಿದೆ ಅಂತ ಯಾರೂ ಅದನ್ನು ಮುಟ್ಟಿರುವುದಿಲ್ಲ. ನಿಮ್ಮಲ್ಲೂ ಅಂಥದ್ದು ಇದ್ದರೆ ಮೊದಲು ಅದರ ಕರ್ನೆಲ್, ಅಂದರೆ ಲಿನಕ್ಸಿನ ತಿರುಳು ಪ್ರೋಗ್ರಾಂ, ಯಾವುದು ಅಂತ ನೋಡಿ. ಹಳೇದಾದರೆ ಅದರಲ್ಲಿ ಸ್ಯಾಕ್ ಪ್ಯಾನಿಕ್ ಎಂಬ ದೋಷ ಇರಬಹುದು.

ನೆಟ್‌ಫ್ಲಿಕ್ಸ್‌ನವರು 2019ರ ಜೂನ್ 17ರಂದು ಈ ದೋಷವನ್ನು ಬಯಲಿಗಿಟ್ಟರು. 2.6.29ರಿಂದ ಈಚಿನ ಲಿನಕ್ಸ್ ಕರ್ನೆಲ್‌ಗಳಿಗೆಲ್ಲ ಇದು ತಗಲಿತ್ತು. ಲಾರಿಯಲ್ಲಿ ಬಂದ ಮಾಲಿನಲ್ಲಿ ಇಂತಿಂಥ ನಂಬರಿನ ಚೀಲ ಬಂದಿಲ್ಲ, ಅಷ್ಟನ್ನೇ ಮತ್ತೆ ಕಳಿಸಿ ಅಂತ ಫೋನ್ ಮಾಡುತ್ತೇವಲ್ಲ, ನೆಟ್‌ನಲ್ಲಿ ಡೇಟಾವನ್ನು ತುಂಡು ಮಾಡಿ ಸಾಗಿಸುವ ಟಿಸಿಪಿ ಎಂಬ ವಿಧಾನದಲ್ಲಿ ಸ್ಯಾಕ್ ಮಾಡುವುದೂ ಅದನ್ನೇ. ದಾಳಿಕೋರ ತುಂಡಿನ ಗಾತ್ರವನ್ನು 48 ಬೈಟ್‌ಗೆ ಇಳಿಸುತ್ತಾನೆ, ಅದರಲ್ಲಿ ಡೇಟಾಗೆ ಉಳಿಯುವುದು ಬರೀ 8, ಹಾಗಾಗಿ ತುಂಡುಗಳು ಸಿಕ್ಕಾಪಟ್ಟೆ ಜಾಸ್ತಿಯಾಗಿ, 65535ರವರೆಗೆ ಮಾತ್ರ ಎಣಿಸಬಲ್ಲ ಲೆಕ್ಕ ತಪ್ಪಿ ಕರ್ನೆಲ್ ಪ್ಯಾನಿಕ್ ಆಗಿ ನಿಂತುಬಿಡುತ್ತದೆ. ಪಾಸ್‌ವರ್ಡ್ ಬೇಕಿಲ್ಲ. ಡೇಟಾ ಕಳವಾಗುವುದಿಲ್ಲ, ಕೆಲಸ ನಿಲ್ಲುತ್ತದೆ ಅಷ್ಟೆ. ಆದರೆ ಸೀಸನ್‌ನಲ್ಲಿ ಕೆಲಸ ನಿಂತರೆ ಸಾಕಲ್ವಾ?

ಟರ್ಮಿನಲ್ ತೆಗೆದು ಯುನೇಮ್ ಎಂದು ಬರೆದು, ಜಾಗ ಬಿಟ್ಟು, ಮೈನಸ್ ಆರ್ ಹಾಕಿ (uname -r), ಕರ್ನೆಲ್ ನಂಬರ್ ಸಿಗುತ್ತದೆ. 4.14.127, 4.19.52, 5.1.11, ಆಯಾ ಆವೃತ್ತಿಯ ಸಾಲಿನಲ್ಲಿ (4.14, 4.19, 5.1) ಇವು ಅಥವಾ ಇವಕ್ಕಿಂತ ಹೊಸದು ಇದ್ದರೆ ಚಿಂತೆಯಿಲ್ಲ. ಉಬುಂಟು, ರೆಡ್‌ಹ್ಯಾಟ್‌ನವರು ಹಳೇ ನಂಬರಿಗೇ ತೇಪೆ ಹಾಕಿ ಕೊಡುತ್ತಾರೆ, ಅಲ್ಲಿ ಬರೀ ನಂಬರ್ ನೋಡಿ ತೀರ್ಮಾನಿಸಬೇಡಿ. ಆರ್ ಬದಲು ವಿ ಹಾಕಿದರೆ ಕರ್ನೆಲ್ ಕಟ್ಟಿದ ದಿನಾಂಕ ಸಿಗುತ್ತದೆ. 2019ರ ಜೂನ್‌ಗಿಂತ ಹಿಂದಿನದಾದರೆ ತೇಪೆ ಬಿದ್ದಿಲ್ಲ ಅಂತಲೇ ಇಟ್ಟುಕೊಳ್ಳಿ.

ಅಪ್‌ಡೇಟ್ ಹಾಕಿ. ಆಮೇಲೆ ರೀಬೂಟ್ ಮಾಡಿ. ಜನ ಎಡವುವುದು ಇಲ್ಲೇ: ಹೊಸ ಕರ್ನೆಲ್ ಡಿಸ್ಕ್‌ನಲ್ಲಿ ಕೂತಿರುತ್ತದೆ, ಮಷಿನ್ ಮಾತ್ರ ತಿಂಗಳುಗಟ್ಟಲೆ ಹಳೇದರಲ್ಲೇ ಓಡುತ್ತಿರುತ್ತದೆ, ಮಾಲೀಕರು ಅಪ್‌ಡೇಟ್ ಆಯ್ತು ಅಂತ ಆರಾಮಾಗಿರುತ್ತಾರೆ. ರೀಬೂಟ್ ಆದ ಮೇಲೆ ಯುನೇಮ್ ಮತ್ತೊಮ್ಮೆ ನೋಡಿ. ಬ್ಯಾಡಗಿಯವರು ಸೋಮವಾರ, ಗುರುವಾರ ಈ ಕೆಲಸಕ್ಕೆ ಕೈ ಹಾಕಬೇಡಿ, ಅವು ಮಾರ್ಕೆಟ್ ದಿನ.

ಈಗಲೇ ರೀಬೂಟ್ ಆಗುವುದಿಲ್ಲ ಅನ್ನುವವರು ಕರ್ನೆಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್ (sysctl) ಕಮಾಂಡ್‌ನಲ್ಲಿ ಟಿಸಿಪಿ ಸ್ಯಾಕ್ (net.ipv4.tcp_sack) ಸೆಟ್ಟಿಂಗನ್ನು 1ರಿಂದ 0ಗೆ ಇಳಿಸಿ. ಲೈನ್ ಸರಿಯಿಲ್ಲದ ಕಡೆ ನೆಟ್ ಸ್ವಲ್ಪ ನಿಧಾನ ಆಗುತ್ತದೆ, ತಾತ್ಕಾಲಿಕಕ್ಕೆ ಪರವಾಗಿಲ್ಲ. ಸಿಸ್‌ಸಿಟಿಎಲ್‌ನ ಕಾನ್ಫಿಗ್ ಫೈಲಿನಲ್ಲೂ ಬರೆಯದಿದ್ದರೆ ಕರೆಂಟ್ ಹೋಗಿ ಬಂದ ಕೂಡಲೇ ಮತ್ತೆ 1 ಆಗಿಬಿಡುತ್ತದೆ. ಅದೇ ಫೈಲಿನಲ್ಲಿ ಕರ್ನೆಲ್ ಪ್ಯಾನಿಕ್ (kernel.panic) ಸೆಟ್ಟಿಂಗನ್ನು 10 ಮಾಡಿದರೆ, ಮಷಿನ್ ಪ್ಯಾನಿಕ್ ಆದರೂ 10 ಸೆಕೆಂಡಿನಲ್ಲಿ ತಾನೇ ರೀಬೂಟ್ ಆಗುತ್ತದೆ, ರಾತ್ರಿ ಯಾರೂ ಅಂಗಡಿಗೆ ಓಡಬೇಕಿಲ್ಲ.

ಇನ್ನು ರೂಟರ್. ಮನೆಯಿಂದ ಲೆಕ್ಕ ನೋಡಬೇಕು ಅಂತ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಸೀದಾ ಸರ್ವರ್‌ಗೆ ದಾರಿ) ಮಾಡಿಸಿಕೊಂಡಿದ್ದರೆ ನಿಮ್ಮ ಸರ್ವರ್ ಊರಿಗೆಲ್ಲ ಬಾಗಿಲು ತೆಗೆದಂತೆಯೇ, ಅದನ್ನು ಮುಚ್ಚಿ ವಿಪಿಎನ್ (ನಿಮಗೆ ಮಾತ್ರ ಬೀಗದ ಕೈ ಇರುವ ಖಾಸಗಿ ದಾರಿ) ಹಾಕಿಸಿ.