ಗುದ್ದದೆ ಓಡಿಸುವವರನ್ನು ಹುಡುಕಿಕೊಂಡು

ಕಂಪ್ಯೂಟರಿನಲ್ಲಿ ಕೂತು ಆನ್‌ಲೈನ್ ಕಾರ್ ರೇಸು ಆಡುವ ಐರೇಸಿಂಗ್ ಸೇರಿದ ಮೊದಲ ತಿಂಗಳು ನನ್ನ ಬಹುಪಾಲು ರೇಸುಗಳು ಮೊದಲ ತಿರುವಿನಲ್ಲೇ ಮುಗಿದುಹೋಗುತ್ತಿದ್ದವು. ಹೊಸಬರಿಗೆಂದೇ ಇರುವ ಮಾಜ್ಡಾ ಎಂಎಕ್ಸ್-5 ಸರಣಿ, ವೆಸ್ಟ್ ವರ್ಜೀನಿಯಾದ ಸಮಿಟ್ ಪಾಯಿಂಟ್ ಟ್ರ್ಯಾಕ್. ಉದ್ದನೆಯ ನೇರ ದಾರಿ, ಅದರ ತುದಿಯಲ್ಲಿ ಬಲಕ್ಕೆ ಬಿಗಿ ತಿರುವು. ಒಬ್ಬನೇ ಪ್ರಾಕ್ಟೀಸ್ ಮಾಡುವಾಗ ಬ್ರೇಕ್ ತುಳಿಯುವ ಜಾಗ ಒಂದು, ಹತ್ತಾರು ಕಾರು ಒಟ್ಟಿಗೆ ನುಗ್ಗುವಾಗ ಆ ಜಾಗವೇ ಬೇರೆ. ಮುಂದಿನವನು ಸ್ವಲ್ಪ ಮೊದಲೇ ಬ್ರೇಕ್ ತುಳಿಯುತ್ತಾನೆ, ಅವನ ಹಿಂದಿನವನು ಇನ್ನೂ ಸ್ವಲ್ಪ ಮೊದಲು. ಐದನೆಯವನಿಗೆ ನಿಲ್ಲಿಸಲು ಜಾಗವೇ ಉಳಿದಿರುವುದಿಲ್ಲ.

ನನಗೆ ಸಿಟ್ಟು ಬರುತ್ತಿದ್ದದ್ದು ಗುದ್ದಿದ್ದಕ್ಕಿಂತ ತಪ್ಪಿಗೆ ಬೀಳುವ ಪಾಯಿಂಟಿನ ವಿಷಯಕ್ಕೆ. ಟ್ರ್ಯಾಕಿನಿಂದ ಹೊರಗೆ ಹೋದರೆ 1, ಕಾರು ಗಿರಕಿ ಹೊಡೆದರೆ 2, ಇನ್ನೊಂದು ಕಾರಿಗೆ ಜೋರಾಗಿ ತಗುಲಿದರೆ 4. ಆ ನಾಲ್ಕು ಇಬ್ಬರಿಗೂ ಬೀಳುತ್ತದೆ, ಯಾರದು ತಪ್ಪು ಅಂತ ಸಾಫ್ಟ್‌ವೇರ್ ನೋಡುವುದೇ ಇಲ್ಲ. ನನ್ನನ್ನು ಹಿಂದಿನಿಂದ ಗುದ್ದಿದವನಿಗೂ ನಾಲ್ಕು, ನನಗೂ ನಾಲ್ಕು. ಇದೆಂಥ ನ್ಯಾಯ ಅನ್ನಿಸುತ್ತಿತ್ತು.

ಒಂದು ರಾತ್ರಿ ಸಿಟ್ಟಿನಲ್ಲೇ ಒಬ್ಬನ ಮೇಲೆ ದೂರು ಕೊಡೋಣ ಅಂತ ರೀಪ್ಲೇ ತೆರೆದೆ. ಐರೇಸಿಂಗ್ ರೀಪ್ಲೇಯಲ್ಲಿ ಬೇರೆಯವರ ಕಾರಿನೊಳಗೆ ಕೂತು ನೋಡಬಹುದು. ಅವನ ಸೀಟಿನಿಂದ ಅದೇ ತಿರುವನ್ನು ನಿಧಾನಗತಿಯಲ್ಲಿ ನೋಡಿದೆ. ಅವನು ತಿರುಗಲು ಶುರುಮಾಡಿದಾಗ ಕನ್ನಡಿಯಲ್ಲಿ ನಾನು ಇಲ್ಲ, ಪಕ್ಕದ ಕಿಟಕಿಯಲ್ಲೂ ಇಲ್ಲ. ಅರ್ಧ ಸೆಕೆಂಡಿನ ನಂತರ ನನ್ನ ಬಾನೆಟ್ ಅವನ ಬಾಗಿಲಿಗೆ ಬಡಿದಿದೆ. ನಾನು ಒಳಗಡೆ ನುಗ್ಗಿದ್ದು ಅವನಿಗೆ ಕಾಣುವ ಸಾಧ್ಯತೆಯೇ ಇರಲಿಲ್ಲ. ದೂರು ಕೊಡಲಿಲ್ಲ. ಆ ವಾರದ ಉಳಿದ ರೀಪ್ಲೇಗಳನ್ನೂ ಎದುರಾಳಿಗಳ ಸೀಟಿನಿಂದಲೇ ನೋಡಿದೆ. ಒಳ್ಳೆಯ ರೇಸು ಬೇಕು ಅನ್ನುವ ಯಾರಿಗಾದರೂ ನಾನು ಮೊದಲು ಹೇಳುವ ಕೆಲಸ ಇದೇ.

ಅದಾದ ಮೇಲೆ ಲೆಕ್ಕವೂ ಅರ್ಥವಾಯಿತು. ಸೇಫ್ಟಿ ರೇಟಿಂಗ್ ಅಂದರೆ ನೀವು ಎಷ್ಟು ತಿರುವುಗಳನ್ನು ಪಾಯಿಂಟ್ ಇಲ್ಲದೆ ದಾಟಿದಿರಿ ಅನ್ನುವುದರ ಸರಾಸರಿ. ಯಾರ ಮುಂದೆ, ಯಾರ ಹಿಂದೆ ಮುಗಿಸಿದಿರಿ ಅನ್ನುವ ಲೆಕ್ಕ ಐರೇಟಿಂಗ್ ಎಂದು ಬೇರೆಯೇ ಇದೆ, ಹೆಚ್ಚು ಜನ ಹೆಸರು ಕೊಟ್ಟಾಗ ಯಾರ ಜೊತೆ ಯಾರು ಅಂತ ಗುಂಪು ಹಾಕುವುದು ಅದರ ಮೇಲೆ. ಯಾರ ತಪ್ಪು ಅಂತ ಕೇಳದ ಲೆಕ್ಕದಲ್ಲಿ ಮೇಲೆ ಹೋಗಬೇಕಾದರೆ ಬೇರೆಯವರ ತಪ್ಪಿನಿಂದಲೂ ತಪ್ಪಿಸಿಕೊಳ್ಳಬೇಕು. ಹಾಗೆ ತಪ್ಪಿಸಿಕೊಳ್ಳುವವರೆಲ್ಲ ರೂಕಿ ಅನ್ನುವ ಆರಂಭದ ಲೈಸೆನ್ಸ್ ದಾಟಿ ಅದರ ಮೇಲಿನ ಡಿ, ಸಿ ಲೈಸೆನ್ಸಿಗೆ ಹೋಗುತ್ತಾರೆ. ನನಗೆ ಬೇಕಾಗಿದ್ದ ಜನ ಅಲ್ಲಿದ್ದರು.

ನಾನು ಬದಲಾಯಿಸಿದ್ದು ಕೆಲವೇ ಸಂಗತಿ. ಮೊದಲ ಸುತ್ತಿನಲ್ಲಿ ಯಾರನ್ನೂ ದಾಟುವುದಿಲ್ಲ ಅಂತ ತೀರ್ಮಾನಿಸಿದೆ. ಮೊದಲ ತಿರುವಿಗೆ ಪ್ರಾಕ್ಟೀಸಿಗಿಂತ ತುಂಬಾ ಮೊದಲೇ ಬ್ರೇಕ್ ತುಳಿದು, ಮುಂದಿನ ಕಾರಿನ ಬಂಪರನ್ನಲ್ಲ, ಅದರಾಚೆಯ ಮೂರನೇ ಕಾರನ್ನು ನೋಡುತ್ತೇನೆ. ಎರಡು ಸ್ಥಾನ ಹೋಗುತ್ತದೆ, ಮೂರನೇ ತಿರುವಿನ ಹೊತ್ತಿಗೆ ನಾಲ್ಕು ಕಾರು ಹುಲ್ಲಿನಲ್ಲಿ ನಿಂತಿರುತ್ತವೆ.

ಇನ್ನೊಂದು, ಸ್ಕ್ರೀನು. ನನ್ನದು 24 ಇಂಚಿನ ಒಂದೇ ಮಾನಿಟರ್, ಕಣ್ಣಿಂದ 70 ಸೆಂಟಿಮೀಟರ್ ದೂರ. ಈ ಅಳತೆಗೆ ಸರಿಯಾದ ಫೀಲ್ಡ್ ಆಫ್ ವ್ಯೂ, ಅಂದರೆ ಸ್ಕ್ರೀನಿನಲ್ಲಿ ಕಾಣುವ ನೋಟದ ಅಗಲ, ಸುಮಾರು 42 ಡಿಗ್ರಿ. ನಾನು ಅದಕ್ಕಿಂತ ತುಂಬಾ ಅಗಲ ಇಟ್ಟುಕೊಂಡಿದ್ದೆ. ಅಗಲ ಇಟ್ಟರೆ ಮುಂದಿನ ಕಾರು ಇರುವುದಕ್ಕಿಂತ ದೂರ ಕಾಣುತ್ತದೆ, ಬ್ರೇಕ್ ತಡವಾಗುತ್ತದೆ. ಸರಿಮಾಡಿದ ಮೇಲೆ ದೂರ ಸರಿಯಾಗಿ ತಿಳಿಯಿತು, ಆದರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಏನೂ ಕಾಣದು. ಅಲ್ಲಿಂದ, ಪಕ್ಕದಲ್ಲಿ ಕಾರು ಬಂದರೆ ಹೇಳುವ ಸಾಫ್ಟ್‌ವೇರಿನ ಸ್ಪಾಟರ್ ಧ್ವನಿಯನ್ನು ಪೂರ್ತಿ ನಂಬಲು ಕಲಿತೆ. ಎಡಕ್ಕೆ ಕಾರಿದೆ ಅಂತ ಅದು ಹೇಳಿದರೆ ಎಡಕ್ಕೆ ಕಾರಿದೆ, ಅಷ್ಟೇ. ಜೊತೆಗೆ ಎಫ್3 ಒತ್ತಿದರೆ ಬರುವ ಪಟ್ಟಿಯಲ್ಲಿ ಹಿಂದಿನವನು ಎಷ್ಟು ಸೆಕೆಂಡು ದೂರ ಅನ್ನುವುದನ್ನು ಪ್ರತಿ ನೇರ ದಾರಿಯಲ್ಲೂ ನೋಡುತ್ತೇನೆ. ಒಂದೇ ಸುತ್ತಿನಲ್ಲಿ ಒಂದು ಸೆಕೆಂಡು ಹತ್ತಿರ ಬಂದವನ ಜೊತೆ ನನಗೆ ಜಗಳ ಬೇಡ, ಜಾಗ ಬಿಡುತ್ತೇನೆ.

ಸಮಯದ ಆಯ್ಕೆಯೂ ಮುಖ್ಯ. ಬೆಂಗಳೂರಿನ ಸಂಜೆ ಏಳಕ್ಕೆ ಕೂತರೆ ಜನ ಕಡಿಮೆ, ಎಲ್ಲ ಮಟ್ಟದವರೂ ಒಂದೇ ಗುಂಪಿಗೆ ಬೀಳುತ್ತಾರೆ. ಮಧ್ಯ ಯುರೋಪಿನಲ್ಲಿ ಸಂಜೆ ಏಳಾದಾಗ ನಮಗೆ ಚಳಿಗಾಲದಲ್ಲಿ ರಾತ್ರಿ ಹನ್ನೊಂದೂವರೆ. ಆಗ ಜನ ತುಂಬಿ ಗುಂಪುಗಳು ಹೆಚ್ಚಾಗುತ್ತವೆ, ನನ್ನ ವೇಗದವರೇ ಸಿಗುತ್ತಾರೆ. ಶುಕ್ರವಾರ, ಶನಿವಾರ ರಾತ್ರಿ ನಿದ್ದೆ ಬಿಟ್ಟು ಕೂತದ್ದಕ್ಕೆ ನನಗೆ ಬೇಸರವಿಲ್ಲ.

ಮೂರನೇ ತಿಂಗಳಲ್ಲಿ ಜಪಾನಿನ ಒಕಾಯಾಮಾದಲ್ಲಿ ಒಂದು ರೇಸು. 1994, 1995ರಲ್ಲಿ ಫಾರ್ಮುಲಾ ಒನ್ ಪೆಸಿಫಿಕ್ ಗ್ರ್ಯಾನ್ ಪ್ರಿ ನಡೆದ ಟ್ರ್ಯಾಕ್ ಅದು. ಹಿಂದಿನ ನೇರ ದಾರಿಯ ಕೊನೆಯಲ್ಲಿ ಬಲಕ್ಕೆ ಹೇರ್‌ಪಿನ್, ಅಂದರೆ ಬಂದ ದಿಕ್ಕಿಗೇ ಮರಳಿಸುವ ಬಿಗಿ ತಿರುವು, ಅದು ಮುಗಿಯುತ್ತಿದ್ದ ಹಾಗೆ ಎಡ ತಿರುವು. ನಾನು ಹನ್ನೊಂದನೇ ಸ್ಥಾನದಲ್ಲಿದ್ದೆ. ಹಿಂದಿನವನು ನನ್ನ ಗಾಳಿಯ ಮರೆಯಲ್ಲಿ ವೇಗ ಹಿಡಿದು ಹೇರ್‌ಪಿನ್ನಿಗೆ ಹೊರಗಡೆಯಿಂದ ಪಕ್ಕಕ್ಕೆ ಬಂದ. ಸ್ಪಾಟರ್ ಎಡಕ್ಕೆ ಕಾರು ಅಂತು. ನಾನು ಹೊರಗೆ ಹರಿಯದೆ ಸ್ಟೀರಿಂಗ್ ಬಿಗಿ ಹಿಡಿದು ಒಂದು ಕಾರಿನ ಅಗಲ ಬಿಟ್ಟೆ. ಹೊರಗಿದ್ದವನು ಮುಂದಿನ ಎಡ ತಿರುವಿಗೆ ಒಳಗಿನವನಾದ, ಅಲ್ಲಿ ಅವನು ನನಗೆ ಅಷ್ಟೇ ಅಗಲ ಬಿಟ್ಟ. ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ನಾನು ಅವನ ಹೊರಗಡೆಯಿಂದ ಹೋದೆ. ಐದು ಸುತ್ತು ಹೀಗೇ, ಬಾಗಿಲಿಗೆ ಬಾಗಿಲು ತಾಗಿಸಿಕೊಂಡ ಹಾಗೆ, ಒಂದು ಸಲವೂ ತಗುಲದೆ. ಕೈ ಬೆವತು ವೀಲು ಜಾರುತ್ತಿತ್ತು. ಕೊನೆಗೆ ಅವನು ಹನ್ನೊಂದು, ನಾನು ಹನ್ನೆರಡು. ಇಬ್ಬರಿಗೂ ಪಾಯಿಂಟ್ ಸೊನ್ನೆ. ಆ ವರ್ಷ ನಾನು ಗೆದ್ದ ಎರಡು ರೇಸುಗಳು ನನಗೆ ಇಷ್ಟು ಚೆನ್ನಾಗಿ ನೆನಪಿಲ್ಲ.

ಅಂಥವರ ಹೆಸರನ್ನು ಫ್ರೆಂಡ್ಸ್ ಪಟ್ಟಿಗೆ ಸೇರಿಸುವುದು ಅಲ್ಲಿಂದ ಶುರುವಾಯಿತು. ರೇಸು ಮುಗಿದ ಮೇಲೆ ಒಂದು ಮಾತು ಬರೆಯುತ್ತೇನೆ, ಹೆಚ್ಚಿನವರು ಉತ್ತರಿಸುತ್ತಾರೆ. ಅವರಲ್ಲೊಬ್ಬರ ಮೂಲಕ ಪ್ರತಿ ಬುಧವಾರ ನಡೆಯುವ ಸಣ್ಣ ಲೀಗಿಗೆ ಸೇರಿದೆ. ಹದಿನೆಂಟು ಜನ, ಪ್ರತಿ ವಾರ ಅವರೇ. ಇವತ್ತು ನೀವು ಒತ್ತಿದವನು ಮುಂದಿನ ಬುಧವಾರವೂ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾನೆ, ಹಾಗಾಗಿ ಯಾರೂ ಸುಮ್ಮನೆ ಒತ್ತುವುದಿಲ್ಲ. ತಪ್ಪಾಗಿ ಗುದ್ದಿದವನು ನಿಧಾನ ಮಾಡಿ ಸ್ಥಾನ ವಾಪಸ್ ಕೊಡಬೇಕು ಅನ್ನುವುದು ಅಲ್ಲಿನ ನಿಯಮ. ಸೇರಿದ ಎರಡನೇ ವಾರ ನಾನೇ ಒಬ್ಬರನ್ನು ತಳ್ಳಿಬಿಟ್ಟೆ, ಕಾದು ನಿಂತು ಜಾಗ ಕೊಟ್ಟೆ. ಹುಬ್ಬಳ್ಳಿಯವರು. ಹೆಡ್‌ಸೆಟ್ಟಿನಲ್ಲಿ ತಕ್ಷಣ ದನಿ ಬಂತು, "ಇರ್ಲಿ ಬಿಡ್ರಿ, ಈಗ ಬರ್ರಿ, ಹಿಡೀರಿ ನೋಡೋಣು."